ಪೇರ್ ಲಾಶೇಜ್ ನಕ್ಷೆ: ಮೊದಲ ಹಾಳೆ ಮುಗಿಯಿತು

ಪ್ಯಾರಿಸ್ಸಿನ ಪೇರ್ ಲಾಶೇಜ್ ಸ್ಮಶಾನ ಬೆಳೆದ ಬಗೆಯನ್ನು ಒಂದರ ಮೇಲೊಂದು ಹೊಂದಿಸಿಡುವ ಆರು ಹಾಳೆಗಳಲ್ಲಿ ಬಿಡಿಸಲು ಹೊರಟಿದ್ದೇನೆ. 1804ರ ಮೂಲ ಜಾಗಕ್ಕೆ ಒಂದು ಹಾಳೆ. 1824, 1829, 1832, 1842 ಮತ್ತು 1850ರ ವಿಸ್ತರಣೆಗಳಿಗೆ ತಲಾ ಒಂದು. ಮೊದಲನೆಯದು ಈ ವಾರ ಮುಗಿಯಿತು, ಮೂರನೆಯ ಪ್ರಯತ್ನದಲ್ಲಿ.

ಅಳತೆ 1:1000. ಇದರಿಂದ ಒಂದು ಅನುಕೂಲವಿದೆ. ನೂರು ಚದರ ಮೀಟರ್ ನೆಲ ಗ್ರಾಫ್ ಹಾಳೆಯ ಒಂದು ಚದರ ಸೆಂಟಿಮೀಟರ್ ಚೌಕಕ್ಕೆ ಸರಿಹೊಂದುತ್ತದೆ. ಮೊದಲ ಜಾಗ 17.58 ಹೆಕ್ಟೇರ್, ಆದ್ದರಿಂದ 1758 ಚೌಕ ಬರಬೇಕು. ನಾನು ಎಣಿಸಿದಾಗ ಬಂದದ್ದು 1731. ಇಳಿಜಾರಿನ ಬದಿಯ ಡೊಂಕು ಗಡಿಯನ್ನು ನೇರ ಗೆರೆಯಲ್ಲಿ ಎಳೆದುಬಿಟ್ಟಿದ್ದೆ. ಎರಡನೆಯ ಸಲ ಲೆಕ್ಕ ಸರಿಬಂತು, ಆದರೆ ಟ್ರೇಸಿಂಗ್ ಹಾಳೆ ತೇವಕ್ಕೆ ಹಿಗ್ಗಿ ಮೂಲೆಯ ಗುರುತುಗಳು ಎರಡು ಮಿಲಿಮೀಟರ್ ಸರಿದಿದ್ದವು. ನೆಲದ ಮೇಲೆ ಅದು ಎರಡು ಮೀಟರ್, ಒಬ್ಬರನ್ನು ಮಲಗಿಸುವಷ್ಟು ಜಾಗ. ಅದನ್ನು ಬಿಟ್ಟು ಪಾಲಿಯೆಸ್ಟರ್ ಹಾಳೆಗೆ ಬದಲಾಯಿಸಿದೆ.

ಇಷ್ಟು ಹಠ ಏಕೆಂದರೆ, ಈ ಸ್ಮಶಾನ ಹುಟ್ಟಿದ್ದೇ ಅಳತೆಯ ಮೇಲೆ. ಊರ ನಡುವಿನ ಸೇಂಟ್ ಇನೊಸೆಂಟ್ಸ್ ಸ್ಮಶಾನದಲ್ಲಿ ಶತಮಾನಗಳಿಂದ ಹೆಣದ ಮೇಲೆ ಹೆಣ ಹೂಳುತ್ತಿದ್ದರು. 1780ರಲ್ಲಿ ಆ ಭಾರಕ್ಕೆ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆ ಕುಸಿಯಿತು. ಸ್ಮಶಾನ ಮುಚ್ಚಿತು, ಮೂಳೆಗಳನ್ನು ಗಾಡಿಗಳಲ್ಲಿ ಸಾಗಿಸಿ ಹಳೆಯ ಕಲ್ಲುಗಣಿಗಳಲ್ಲಿ ತುಂಬಿದರು. 1804ರ ಜೂನ್ 12ರ ಕಟ್ಟಳೆ ಬಂದದ್ದು ಈ ಅನುಭವದ ಹಿಂದೆಯೇ. ಹೂಳುವುದು ಊರ ಹೊರಗೆ, ಪ್ರತಿಯೊಬ್ಬರಿಗೂ ಬೇರೆ ಗುಂಡಿ. ಅಗಲ 80 ಸೆಂಟಿಮೀಟರ್, ಆಳ ಒಂದೂವರೆಯಿಂದ ಎರಡು ಮೀಟರ್, ಪಕ್ಕದ ಗುಂಡಿಗೆ 30ರಿಂದ 40 ಸೆಂಟಿಮೀಟರ್ ಅಂತರ. ಬಡವನಿಗೂ ತನ್ನದೇ ಆದ 80 ಸೆಂಟಿಮೀಟರ್ ನೆಲವನ್ನು ಕಾನೂನು ಬರೆದಿಟ್ಟಿತೆಂಬುದು ನನಗೆ ಈ ಇಡೀ ಚರಿತ್ರೆಯಲ್ಲೇ ದೊಡ್ಡ ಸಂಗತಿ. ಓದಿದ ದಿನವೇ 0.8 ಮಿಲಿಮೀಟರ್ ಮೊನೆಯ ಪೆನ್ನು ತಂದೆ. ಒಂದು ಸಮಾಧಿಗೆ ಒಂದು ಗೆರೆ.

1804ರಲ್ಲಿ ಆದ ಸಮಾಧಿಗಳು 13. ಗೆರೆಗಳು ಎಣಿಕೆಗಾಗಿ ಮಾತ್ರ, ಜಾಗ ತೋರಿಸಲು ಅಲ್ಲ. ಆದ್ದರಿಂದ ಬಾಗಿಲ ಬಳಿಯಿಂದ ಸಾಲಾಗಿ ಎಳೆದೆ. ಅಷ್ಟಗಲದ ಹಾಳೆಯಲ್ಲಿ ಅವೆಲ್ಲ ಸೇರಿ ಒಂದು ಉಗುರಿನಷ್ಟಾದವು. ಮುಂದಿನ ಮೂರು ವರ್ಷಗಳಲ್ಲಿ 44, 49, 62. ಜನ ಅಷ್ಟು ದೂರದ ಗುಡ್ಡಕ್ಕೆ ತಮ್ಮವರನ್ನು ಕಳಿಸಲು ಒಪ್ಪಲಿಲ್ಲ. 1817ರಲ್ಲಿ ನಾಟಕಕಾರ ಮೊಲಿಯೇರ್, ಕವಿ ಲಾ ಫಾಂಟೇನ್, ಮಧ್ಯಯುಗದ ಹೆಸರಾಂತ ಪ್ರೇಮಿಗಳಾದ ಅಬೆಲಾರ್ ಮತ್ತು ಎಲೋಯೀಸರ ಅವಶೇಷಗಳನ್ನು ಅಲ್ಲಿಗೆ ತಂದಮೇಲೆ ಗಾಳಿ ಬದಲಾಯಿತು. 1830ರ ಹೊತ್ತಿಗೆ ಸಮಾಧಿಗಳು 33,000. ಅಷ್ಟನ್ನು ಬಿಡಿಬಿಡಿಯಾಗಿ ಎಳೆಯಲಾಗದು, 1812ರ 833 ಸಮಾಧಿಗಳವರೆಗೆ ಗೆರೆ ಎಳೆದು, ಆಮೇಲಿನವಕ್ಕೆ ಬಣ್ಣ ತುಂಬುತ್ತೇನೆ.

ಆ 13ರಲ್ಲಿ ಮೊದಲನೆಯದು ಐದು ವರ್ಷದ ಹುಡುಗಿ ಅಡೆಲಾಯಿಡಳದು. ತಾತ್ಕಾಲಿಕ ಜಾಗವಾದ್ದರಿಂದ ಆ ಸಮಾಧಿ ಉಳಿದಿಲ್ಲ. ಅವಳ ಗೆರೆಗೆ ಶಾಯಿ ಹಾಕಲು ಕೈ ಬರಲಿಲ್ಲ, ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಸೂಜಿಯ ಮೊನೆಯಿಂದ ಗೀರಿದೆ. ಹಾಳೆಯನ್ನು ಕಿಟಕಿಗೆ ಹಿಡಿದರೆ ಹನ್ನೆರಡು ಕಪ್ಪು ಗೆರೆಗಳ ಮೊದಲಿಗೆ ಅದು ಬೆಳ್ಳಗೆ ಹೊಳೆಯುತ್ತದೆ.

ಕೊನೆಯ ಹಾಳೆಗೆ ಒಂದು ಗೆರೆಯನ್ನು ಈಗಲೇ ಗುರುತು ಹಾಕಿಕೊಂಡಿದ್ದೇನೆ. ಅದು ಅವಧದ ರಾಜಮಾತೆ ಮಲಿಕಾ ಕಿಶ್ವರ್ ಅವರದು. ಮಗ ವಾಜಿದ್ ಅಲಿ ಶಾ ಕಳೆದುಕೊಂಡ ರಾಜ್ಯವನ್ನು ಕೇಳಲು ಲಂಡನ್ನಿಗೆ ಹೋಗಿ, ಬರಿಗೈಯಲ್ಲಿ ಮರಳುವಾಗ 1858ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಇದೇ ಗುಡ್ಡದ ಮುಸ್ಲಿಮರ ಭಾಗದಲ್ಲಿ. ಅಲ್ಲಿಗೆ ತಲುಪಲು ಇನ್ನೂ ಐದು ಹಾಳೆ ಬಾಕಿ. 1824ರ ಗಡಿಯ ಚೌಕ ಎಣಿಸುವ ಕೆಲಸ ನಾಳೆ ಶುರು.