ಬಾಗಲಾಗಿನ ಲೋಳಸರ

ಮುಂಜಾನೆ ರೊಟ್ಟಿ ಮಾಡುವಾಗ ಹಂಚಿಗೆ ಬೆರಳು ತಾಗಿ ಚುರ್ ಅಂತು.
ನಳದ ಕೆಳಗ 20 ನಿಮಿಷ ಕೈ ಹಿಡದು ನಿಂತೆ. ಮದಲ ನೀರು, ಆಮ್ಯಾಲೆ ಉಳಿದಿದ್ದು.

ಅಷ್ಟರಾಗ ಬಾಜು ಮನಿ ಕಾಕು ಬಂದ್ರು. ಸೀದಾ ನಮ್ಮ ತಲಬಾಗಲಕ್ಕ ಕೈ ಹಾಕಿದ್ರು.
ಅಮಾಸಿಗೆ ದೃಷ್ಟಿ ಆಗಬಾರದಂತ ಕಟ್ಟಿದ ಲೋಳಸರ ಅಲ್ಲೇ ಜೋತಾಡಾಕತ್ತಿತ್ತು. ಬೇರು ಮ್ಯಾಲೆ, ತಲಿ ಕೆಳಗ. ಮಣ್ಣಿಲ್ಲ, ನೀರಿಲ್ಲ. ಈ ವಿಜಯಪುರದ ಬಿಸಲಾಗೂ ತುದಿ ಮ್ಯಾಲಕ್ಕ ಸೊಟ್ಟ ಮಾಡಿ ಹೊಸ ಎಲಿ ಬಿಟ್ಟದ! ಹಗಲೆಲ್ಲ ಎಲಿಯ ರಂಧ್ರ ಮುಚ್ಚಿ, ರಾತ್ರಿ ತಂಪಿನಾಗ ಅಷ್ಟ ತಗದು ಉಸರಾಡೋ ಗಿಡ ಅದು. ನೀರಿನ ಜಿಪುಣ.

ಕಾಕು ಒಂದು ಎಲಿ ಮುರದು ಬಟ್ಟಲದಾಗ ನಿಂದ್ರಿಸಿದ್ರು. ಹಳದಿ ಹಾಲು ತೊಟತೊಟ ಸೋರಿತು.
"ಅದು ಹೋಗ್ಲಿ ತಡಿ, ತುರಸ್ತದ."
ಆ ಹಳದಿಯೊಳಗ ಅಲೋಯಿನ್ ಅನ್ನೋ ಅಂಶ ಇರ್ತದ, ಜೋರು ಭೇದಿ ಮಾಡಸ್ತದ. ಅಮೆರಿಕಾದಾಗ 2002ರಾಗ ಡಾಕ್ಟರ್ ಚೀಟಿ ಇಲ್ಲದ ಮಾರೋ ಭೇದಿ ಗುಳಗಿಯಿಂದ ಅದನ್ನ ತಗಸಿಬಿಟ್ರು. ಬಸರಿ ಹೆಣಮಕ್ಕಳಂತೂ ಹೊಟ್ಟಿಗೆ ತಗೋಬಾರದು. ರೀಲ್ಸ್ ನೋಡಿ ಸಿಪ್ಪಿ ಸಮೇತ ರುಬ್ಬಿ ಕುಡದ ನಮ್ಮ ತಮ್ಮ ಎರಡು ದಿನ ಚೆಂಬು ಬಿಟ್ಟಿರಲಿಲ್ಲ, ಪಾಪ.

ಹಾಲು ನಿಂತಮ್ಯಾಲೆ ತೊಳದು, ಸಿಪ್ಪಿ ಹೆರದು, ನಡುವಿನ ಗಾಜಿನಂಥ ತಿಳಿ ಲೋಳಿ ಹಚ್ಚಿದ್ರು. ತಣ್ಣಗ. ಆಹಾ.
ಸಣ್ಣ ಕೆಂಪಿಗೆ ಇದು ಸಾಕು. ಬೊಬ್ಬಿ ದೊಡ್ಡದಾಗಿದ್ರ ದವಾಖಾನಿಗೇ ಹೋಗಬೇಕು.

ದೃಷ್ಟಿ ಕಾಯಾಕ ಕಟ್ಟಿದ್ದು, ಬೆರಳು ಕಾಯಾಕ ಬಂತು.

ಹಂಚಿನ ಮ್ಯಾಲಿನ ರೊಟ್ಟಿ ಮಾತ್ರ ಅಷ್ಟರಾಗ ಇದ್ದಲಿ ಆಗಿತ್ತು.