ಮುಳ್ಳು 19ಕ್ಕೇ ನಿಂತಿತು: ಲೇಹ್ ಕೋಣೆಯ ಕೆಲಸ

ಅಕ್ಟೋಬರ್ 6
ಎರಡು ಚಳಿಗಾಲ ಬುಖಾರಿಯ (ಕೋಣೆ ಬಿಸಿ ಮಾಡುವ ಕಬ್ಬಿಣದ ಒಲೆ) ಹೊಗೆ ಕುಡಿದದ್ದು ಸಾಕು. ಬಾಡಿಗೆ ಕೋಣೆಗೆ ಹಳೆಯ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಹಾಕುತ್ತೇನೆ, ಬಿಸಿಯನ್ನೂ ಕೊಡುವಂಥದ್ದು, ಶಾಖ ಹೊರುವ ಆರ್-32 ಗ್ಯಾಸಿನದು. ಮನೆ ಯಜಮಾನರು (ಎಲ್ಲರಂತೆ ನಾನೂ ಮೇಮೆ-ಲೆ ಅನ್ನುತ್ತೇನೆ, ಅಜ್ಜ ಅಂತ) ತಲೆಯಾಡಿಸಿದರು. ನಂಬಿಕೆ ಬಂದಂತಿರಲಿಲ್ಲ.

ಅಕ್ಟೋಬರ್ 11
ಎಸಿ ಕೊಳವೆಗಳಿಗೆ ನೈಟ್ರೋಜನ್ ತುಂಬಿ ಸೋಪು ನೀರು ಬಳಿದೆ, ಲೀಕ್ ಇಲ್ಲ. ಗ್ಯಾಸ್ ಬಿಡುವ ಮೊದಲು ಒಳಗಿನ ಗಾಳಿ ತೆಗೆಯಲು ವ್ಯಾಕ್ಯೂಮ್ ಪಂಪ್ ಹಚ್ಚಿದರೆ ಒತ್ತಡದ ಗೇಜಿನ ಮುಳ್ಳು 19 ಇಂಚಿನ (ಪಾದರಸದ ಲೆಕ್ಕ) ಹತ್ತಿರ ಬಂದು ಮೊಂಡು ಹಿಡಿಯಿತು. ಪಂಪಿನ ಎಣ್ಣೆ ಬದಲಿಸಿದೆ, ಹೋಸಿನ ವಾಷರ್ ಬದಲಿಸಿದೆ, ಫ್ಲೇರ್ (ಕೊಳವೆ ಜೋಡಿಸಲು ಅಗಲಿಸಿದ ಬಾಯಿ) ಹೊಸದಾಗಿ ಹೊಡೆದೆ. ಅರ್ಧ ದಿನ ಮಣ್ಣುಪಾಲು. ಚಹಾ ಕುಡಿಯುವಾಗ ಹೊಳೆಯಿತು: ಆ ಮುಳ್ಳು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಕಡಿಮೆ ಎಂಬುದನ್ನು. ಈ 3500 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡವೇ 19 ಇಂಚು ಚಿಲ್ಲರೆ. ಇರುವುದೇ ಅಷ್ಟಾದರೆ ಇನ್ನೇನನ್ನು ಎಳೆಯುವುದು? ಬೆಂಗಳೂರಲ್ಲೂ ಅದು 27ರ ಆಸುಪಾಸಿಗೇ ನಿಲ್ಲುತ್ತಿತ್ತು, ನಾನು ಯಾಕೆಂದು ಕೇಳಿರಲಿಲ್ಲ. ಮೈಕ್ರಾನ್ ಗೇಜು ಕಡ ತಂದು 500ಕ್ಕಿಂತ ಕೆಳಗಿಳಿಸಿದೆ. ಅದು ಒಳಗೆ ಉಳಿದ ಒತ್ತಡವನ್ನು ಸೊನ್ನೆಯಿಂದಲೇ ಅಳೆಯುತ್ತದೆ, ಎತ್ತರದ ಹಂಗಿಲ್ಲ. ಗ್ಯಾಸನ್ನೂ ಮುಳ್ಳು ನೋಡದೆ ತೂಕ ಮಾಡಿಯೇ ತುಂಬಿದೆ.

ಅಕ್ಟೋಬರ್ 19
ಯಂತ್ರ ಓಡುತ್ತಿದೆ, ಕೋಣೆ ಮಾತ್ರ ಮಂದವಾಗಿ ಬಿಸಿಯಾಗುತ್ತಿದೆ. ಫ್ಯಾನು ಊರಲ್ಲಿ ಎಷ್ಟು ಗಾಳಿ ದೂಡುತ್ತಿತ್ತೋ ಇಲ್ಲೂ ಅಷ್ಟೇ ದೂಡುತ್ತದೆ, ಆದರೆ ಆ ಗಾಳಿಯ ತೂಕ ಕಡಲ ಮಟ್ಟದ ಮೂರರಲ್ಲಿ ಎರಡು ಪಾಲು. ಹೊರುವ ಶಾಖವೂ ಅಷ್ಟೇ. ಹೊರಗಿನ ಕಾಯಿಲಿನಲ್ಲೂ (ಗಾಳಿಯಿಂದ ಶಾಖ ಎಳೆಯುವ ಕೊಳವೆ ಸುರುಳಿ) ಇದೇ ಕತೆ. ಒಂದೇ ಸಮಾಧಾನ, ಗಾಳಿ ಒಣಗಿರುವುದರಿಂದ ಕಾಯಿಲಿನ ಮೇಲೆ ಹಿಮ ಕಟ್ಟುವುದು ಕಡಿಮೆ.

ನವೆಂಬರ್ 2
ಯಂತ್ರವೊಂದನ್ನೇ ನಂಬದೆ ದಕ್ಷಿಣದ ಮಣ್ಣಿಟ್ಟಿಗೆಯ ಗೋಡೆಗೆ ಕಪ್ಪು ಬಳಿದು, ಒಂದು ಗೇಣು ಬಿಟ್ಟು ಗಾಜು ನಿಲ್ಲಿಸಿದೆ. ಬಿಸಿಲಿನ ಶಾಖ ಕೂಡಿಡುವ ಇಂಥ ಟ್ರಾಂಬ್ ಗೋಡೆ ಇಲ್ಲಿಯವರಿಗೆ ಹೊಸದೇನಲ್ಲ. ಮೇಲೊಂದು ಕೆಳಗೊಂದು ಕಿಂಡಿ: ತಂಪು ಗಾಳಿ ಕೆಳಗಿಂದ ಹೋಗಿ ಬಿಸಿಯಾಗಿ ಮೇಲಿನಿಂದ ಒಳಬರುತ್ತದೆ. ಮೊದಲ ರಾತ್ರಿ ಕಿಂಡಿ ಮುಚ್ಚಲು ಮರೆತೆ. ಗಾಳಿ ಹಿಂದುಮುಂದಾಗಿ ತಿರುಗಿ, ಕೂಡಿಟ್ಟ ಬಿಸಿಯೆಲ್ಲ ಗಾಜಿನಾಚೆ ಹೋಯಿತು.

ನವೆಂಬರ್ 9
ಬೆಳಗಿನ ಆರಕ್ಕೆ ಹೊರಗೆ ಮೈನಸ್ 8, ಒಳಗೆ 16. ಮೇಮೆ-ಲೆ ಬಂದು ಗೋಡೆ ಮುಟ್ಟಿ ನೋಡಿದರು. “ಬುಖಾರಿ ಮಾತ್ರ ಬಿಚ್ಚಬೇಡ ಮಗಾ. ಕರೆಂಟ್ ಹೋದ ರಾತ್ರಿ ನಿನ್ನ ಮಿಷನ್ ಅಪ್ಪಿಕೊಂಡು ಮಲಗ್ತೀಯಾ?” ಸಂಜೆ ಬುಖಾರಿಯ ಕೊಳವೆಯ ಮಸಿ ಉಜ್ಜಿ ಮತ್ತೆ ಸಿಕ್ಕಿಸಿದೆ.