ಬಲಗಡೆ ಜೇಬಿನ ಪರ್ಸ್

ಆಸ್ಟಿನ್‌ನಲ್ಲಿ ಗೆಳೆಯರ ಮನೆಯ ಊಟ ಮುಗಿಸಿ ನಾವಿಬ್ಬರೂ ಹೂಸ್ಟನ್‌ಗೆ ವಾಪಸ್ ಬರುತ್ತಿದ್ದೆವು. 290ನೇ ಹೆದ್ದಾರಿ, ಬ್ರೆನಮ್ ದಾಟಿತ್ತು. ರಾತ್ರಿ ಹನ್ನೊಂದರ ಹೊತ್ತು. ಕನ್ನಡಿಯಲ್ಲಿ ಕೆಂಪು, ನೀಲಿ ದೀಪ ಕಾಣಿಸಿತು.

ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಒಳಗಿನ ಲೈಟ್ ಹಾಕಿದೆ, ಕಿಟಕಿ ಇಳಿಸಿದೆ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟೆ. ಅಲ್ಲಿವರೆಗೆ ಎಲ್ಲ ಸರಿ. ಆಮೇಲೆ ನೆನಪಾಯಿತು: ಲೈಸೆನ್ಸ್ ಇರುವ ಪರ್ಸ್ ಪ್ಯಾಂಟಿನ ಹಿಂದಿನ ಬಲಗಡೆ ಜೇಬಿನಲ್ಲಿದೆ. ಅಂಗಿಯ ಕೆಳಗೆ, ಸೊಂಟದ ಬಲಗಡೆಯಲ್ಲೇ ಪಿಸ್ತೂಲ್ ಕೂಡ ಇದೆ.

ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಎಲ್ಲರ ಕಣ್ಣಿಗೂ ಕಾಣುವ ವಸ್ತು. ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜೆ ಮಾಡುತ್ತೇವೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಬಚ್ಚಿಡುವ ಮಾತೇ ಇಲ್ಲ. ಇಲ್ಲಿ ನನ್ನದೊಂದು ಸಣ್ಣ ಅಂಗಡಿ. ರಾತ್ರಿ ದುಡ್ಡು ತಗೊಂಡು ಒಬ್ಬನೇ ಹೊರಡಬೇಕು. ಗ್ರೀನ್ ಕಾರ್ಡ್ ಬಂದ ಮೇಲೆ ತರಗತಿಗೆ ಹೋಗಿ, 50 ಗುಂಡು ಹೊಡೆದು ಪರೀಕ್ಷೆ ಪಾಸಾಗಿ ಪಿಸ್ತೂಲ್ ಒಯ್ಯುವ ಲೈಸೆನ್ಸ್ ತಗೊಂಡೆ. 2021ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ ಹೆಚ್ಚಿನವರಿಗೆ ಅದು ಬೇಕಾಗಿಲ್ಲ. ಆದರೂ ನಾನು ಬಿಟ್ಟಿಲ್ಲ. ಲೈಸೆನ್ಸ್ ಇದ್ದವರು ಪಿಸ್ತೂಲ್ ಇಟ್ಟುಕೊಂಡಿರುವಾಗ ಪೊಲೀಸರು ಗುರುತು ಕೇಳಿದರೆ, ಡ್ರೈವಿಂಗ್ ಲೈಸೆನ್ಸ್ ಜೊತೆ ಇದನ್ನೂ ತೋರಿಸಬೇಕು. "ಪರ್ಸ್ ಎಡಗಡೆಗೆ ಬದಲಾಯಿಸಿಕೊಳ್ಳಿ" ಎಂದು ತರಗತಿಯಲ್ಲೇ ಹೇಳಿದ್ದರು. ಇಪ್ಪತ್ತು ವರ್ಷದ ಅಭ್ಯಾಸ, ನಾನು ಬದಲಾಯಿಸಲಿಲ್ಲ.

ಅಧಿಕಾರಿ ನನ್ನ ಕಡೆ ಬರಲಿಲ್ಲ, ಹೆಂಡತಿಯ ಕಡೆಯ ಕಿಟಕಿಗೆ ಬಂದರು. ಬ್ರೇಕ್ ಲೈಟ್ ಉರಿಯುತ್ತಿಲ್ಲ ಎಂದರು. ಲೈಸೆನ್ಸ್ ಕೇಳಿದರು.

ಆ ಗಳಿಗೆಯಲ್ಲಿ ಫಿಲ್ಯಾಂಡೊ ಕ್ಯಾಸ್ಟೀಲ್ ನೆನಪಾದರು. 2016ರ ಜುಲೈ 6, ಮಿನೆಸೋಟಾ. ಅವರ ಕಾರನ್ನು ಪೊಲೀಸರು ತಡೆದದ್ದೂ ಬ್ರೇಕ್ ಲೈಟ್ ವಿಷಯಕ್ಕೇ. ಪರವಾನಗಿ ಇತ್ತು. ಬಳಿ ಗನ್ ಇದೆ ಎಂದು ಮರ್ಯಾದೆಯಿಂದ ತಾವೇ ಹೇಳಿದರು. ಕೆಲವೇ ಸೆಕೆಂಡಿನಲ್ಲಿ ಗುಂಡು ಬಿತ್ತು. ಅವರಿಗೆ 32 ವರ್ಷ. ಗುಂಡು ಹಾರಿಸಿದ ಅಧಿಕಾರಿ ಮರುವರ್ಷ ಖುಲಾಸೆಯಾದರು. ಅದು ಅನ್ಯಾಯ ಎಂದು ನಾನು ಇಂದಿಗೂ ನಂಬಿದ್ದೇನೆ. ನಿಜ ಹೇಳಿದವರೇ ಸತ್ತರು, ಅಲ್ವಾ?

ಬಾಯಿ ಒಣಗಿತ್ತು. ಕೈ ಅಲ್ಲಾಡಿಸಲಿಲ್ಲ. 'ಗನ್' ಎಂಬ ಪದ ಮೊದಲು ಬರಬಾರದು ಎಂದು ಕಲಿಸಿದ್ದರು. "ಸರ್, ನನಗೆ ಕ್ಯಾರಿ ಲೈಸೆನ್ಸ್ ಇದೆ. ಈಗ ಬಲಗಡೆ ಸೊಂಟದಲ್ಲಿದೆ. ಪರ್ಸ್ ಕೂಡ ಅದೇ ಕಡೆ ಇದೆ. ನಾನು ಏನು ಮಾಡಬೇಕು, ನೀವೇ ಹೇಳಿ" ಎಂದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಟಾರ್ಚ್ ನನ್ನ ಸೊಂಟದ ಮೇಲೆ ನಿಂತಿತು. ಹೆಂಡತಿ ಯಾರೂ ಹೇಳದೆಯೇ ಎರಡೂ ಅಂಗೈಯನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟಳು. ಬಳೆ ಸಣ್ಣಗೆ ಸದ್ದು ಮಾಡುತ್ತಿತ್ತು. ಅವಳು ನಡುಗುತ್ತಿದ್ದಳು.

"ಕೈ ಅಲ್ಲೇ ಇರಲಿ" ಎಂದು ಅವರು ಸುತ್ತಿ ನನ್ನ ಕಡೆ ಬಂದು ಬಾಗಿಲು ತೆಗೆದರು. ನಿಧಾನವಾಗಿ ಇಳಿದೆ. ಪಿಸ್ತೂಲನ್ನು ಅವರೇ ತೆಗೆದರು, ಪರ್ಸನ್ನೂ ಅವರೇ ತೆಗೆದರು. ಅವರ ಬೆರಳೂ ನಡುಗುತ್ತಿತ್ತು. ತುಂಬ ಚಿಕ್ಕ ಹುಡುಗ. ಅಲ್ಲಿವರೆಗೆ ನನ್ನ ಭಯವೊಂದೇ ನನಗೆ ಗೊತ್ತಿತ್ತು.

ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಬ್ರೇಕ್ ಲೈಟ್ ಸರಿ ಮಾಡಿಸಿ ಎಂದು ಎಚ್ಚರಿಕೆಯ ಚೀಟಿ ಕೊಟ್ಟರು. ಪಿಸ್ತೂಲ್, ಮ್ಯಾಗಜಿನ್ ಬೇರೆಬೇರೆಯಾಗಿ ವಾಪಸ್ ಕೊಟ್ಟು, ತಾವು ಹೋಗುವವರೆಗೂ ಜೋಡಿಸಬೇಡಿ ಎಂದರು.

ಮನೆ ಮುಟ್ಟುವವರೆಗೂ ಹೆಂಡತಿ ಮಾತಾಡಲಿಲ್ಲ. ಗ್ಯಾರೇಜಿನಲ್ಲಿ ಕಾರು ನಿಂತ ಮೇಲೆ ನನ್ನ ಪರ್ಸ್ ಕೇಳಿ ತಗೊಂಡಳು. ಎರಡೂ ಲೈಸೆನ್ಸ್ ಹೊರಗೆ ತೆಗೆದಳು. ತಲೆಯ ರಬ್ಬರ್ ಬ್ಯಾಂಡ್ ಬಿಚ್ಚಿ, ಎರಡನ್ನೂ ಸೇರಿಸಿ, ಗಾಜಿನ ಮೇಲಿನ ಬಿಸಿಲು ಮರೆಗೆ ಕಟ್ಟಿದಳು.